ನಮ್ಮ ಇಬ್ಬರು ಟೀಚರ್‌ಗಳನ್ನು ಶಾಲೆಯಲ್ಲೇ ಇರಲು ಬಿಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆ ತಿಪಟೂರು ಕಡೆಯ ಒಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನನ್ನ ಮಗಳು ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. ಐದು ತರಗತಿ, ಮೂರು ಕೋಣೆ, ಇಬ್ಬರು ಟೀಚರ್. ಮಕ್ಕಳು ಮೂವತ್ತರ ಒಳಗೆ.

ನಮ್ಮಂಥ ಶಾಲೆಗಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಈ ಮಕ್ಕಳ ಸಂಖ್ಯೆಯೇ. ಜೂನ್ ತಿಂಗಳಲ್ಲಿ ದಾಖಲಾತಿ ಲೆಕ್ಕ ಹೋಗುತ್ತದೆ. ಅದರ ಬೆನ್ನಿಗೇ ಸಣ್ಣ ಶಾಲೆಗಳನ್ನು ದೊಡ್ಡದರ ಜೊತೆ ಸೇರಿಸುವ ವಿಲೀನದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಆ ಸುದ್ದಿ ಓದಿದ ಇನ್ನೆರಡು ಮನೆಯವರು, ಹೇಗೂ ಮುಚ್ಚುತ್ತಾರಂತೆ ಎಂದು ಟಿಸಿ ಕೇಳಲು ಬರುತ್ತಾರೆ. ಶಾಲೆ ಮುಚ್ಚುವ ಮಾತೇ ಶಾಲೆಯನ್ನು ಖಾಲಿ ಮಾಡುತ್ತಿದೆ.

ನಾನು ಸಂಖ್ಯೆಯ ಬಗ್ಗೆ ಜಗಳ ತೆಗೆಯಲು ಬರೆಯುತ್ತಿಲ್ಲ. ಆ ಮೂರು ಕೋಣೆಗಳ ಒಳಗೆ ಏನು ನಡೆಯುತ್ತದೆ, ಅದು ನಡೆಯಬೇಕಾದರೆ ಏನು ಬೇಕು ಅನ್ನುವುದನ್ನು ಹೇಳಬೇಕಿದೆ. ಬೇಕಾಗಿರುವುದು ಒಂದೇ. ಪಾಠದ ಹೊತ್ತಿನಲ್ಲಿ ಇಬ್ಬರೂ ಟೀಚರ್ ಶಾಲೆಯಲ್ಲಿ ಇರಬೇಕು.

ಮೊದಲು ನಲಿ-ಕಲಿ ಕೋಣೆಗೆ ಬನ್ನಿ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂರುವ ಕೋಣೆ ಅದು. ಹೊಸಬರಿಗೆ ಮೊದಲು ಕಾಣುವುದು ಬರೀ ಗದ್ದಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ. ಒಂದು ಗುಂಪು ಕಾರ್ಡು ಹಿಡಿದು ಓದುತ್ತಿರುತ್ತದೆ, ಇನ್ನೊಂದು ಹುಣಸೆಬೀಜ ಎಣಿಸುತ್ತಿರುತ್ತದೆ, ಯಾರೋ ಒಬ್ಬ ಗೋಡೆಯ ಕೆಳಗೆ ಕೂತು ತನ್ನ ಪಾಲಿನ ಕಪ್ಪು ಹಲಗೆಯಲ್ಲಿ ಬರೆಯುತ್ತಿರುತ್ತಾನೆ. ಆ ಹಲಗೆ ಮಗುವಿನ ಕೈಗೆ ಎಟುಕುವಷ್ಟೇ ಎತ್ತರದಲ್ಲಿದೆ. ತಲೆಯ ಮೇಲೆ ದಾರದ ಚಪ್ಪರ. ಅದರ ತುಂಬ ಮಕ್ಕಳು ಬಿಡಿಸಿದ ಚಿತ್ರಗಳು ನೇತಾಡುತ್ತವೆ.

ಆ ಗದ್ದಲಕ್ಕೊಂದು ಲೆಕ್ಕ ಇದೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗುವಿಗೂ ತಾನು ಏಣಿಯ ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ಗೊತ್ತು. ಅಲ್ಲಿರುವ ಪುಟ್ಟ ಚಿತ್ರವನ್ನು ನೋಡಿ ಅದೇ ಚಿತ್ರದ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಆಮೇಲೆ ತನ್ನ ತಟ್ಟೆ ಹುಡುಕಿಕೊಂಡು ಹೋಗಿ ಕೂರುತ್ತದೆ. ತಟ್ಟೆ ಅಂದರೆ ಗುಂಪು. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿದ್ದು ಕಲಿಸಬೇಕು. ಇನ್ನೊಂದರಲ್ಲಿ ಸ್ವಲ್ಪ ನೋಡಿಕೊಂಡರೆ ಸಾಕು. ಮತ್ತೆ ಕೆಲವು ತಟ್ಟೆಗಳಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ರಜೆ ಹಾಕಿದ ಮಗು ಮರಳಿ ಬಂದಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಶುರು ಮಾಡುತ್ತದೆ. ಕೊಯ್ಲಿನ ಕಾಲದಲ್ಲಿ, ಜಾತ್ರೆಯ ಸಮಯದಲ್ಲಿ ಶಾಲೆ ತಪ್ಪಿಸುವ ಮಕ್ಕಳಿರುವ ಊರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವುದಿದೆ ಹೇಳಿ.

ಅಕ್ಷರ ಕಲಿಸುವ ಕ್ರಮವೂ ಬೇರೆ. ನಾವೆಲ್ಲ ಅ, ಆ, ಇ, ಈ ಎಂದು ಶುರು ಮಾಡಿದವರು. ಇಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ ಎಂದು ಪದಗಳನ್ನೇ ಓದತೊಡಗುತ್ತದೆ. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ಜನ, ಬಸವ, ಅವಸರ ಎಲ್ಲವೂ ಅದರ ಕೈಗೆ ಸಿಗುತ್ತವೆ. ವರ್ಣಮಾಲೆ ಪೂರ್ತಿ ಬಾಯಿಪಾಠ ಆಗುವವರೆಗೆ ಓದಿಗಾಗಿ ಕಾಯಬೇಕಿಲ್ಲ.

ಕಳೆದ ವರ್ಷ ಆಗಸ್ಟಿನಲ್ಲಿ ಹಾಲಿನ ಪುಡಿಯ ಲೆಕ್ಕ ನೋಡಲು ಶಾಲೆಗೆ ಹೋಗಿದ್ದೆ. ಒಂದನೇ ತರಗತಿಯ ಹುಡುಗಿಯೊಬ್ಬಳು ಮೇಡಂ ಪಕ್ಕ ಕೂತಿದ್ದಳು. ಸೇರಿದ ಹೊಸದರಲ್ಲಿ ಯಾರ ಹತ್ತಿರವೂ ಮಾತಾಡದ ಮಗು ಅದು. ಕೈಯಲ್ಲಿದ್ದ ಕಾರ್ಡಿನಲ್ಲಿ "ಗರಗಸ" ಎಂದಿತ್ತು. ಗ... ರ... ಗ... ಸ... ಎಂದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹೇಳಿದಳು. ನಿಂತಳು. ಪಕ್ಕದ ಹುಡುಗ ಹೇಳಿಕೊಡಲು ಬಾಯಿ ತೆರೆದ. ಮೇಡಂ ಕೈ ಅಡ್ಡ ಇಟ್ಟು ಅವನನ್ನು ತಡೆದರು. ತಾವೂ ಏನೂ ಹೇಳಲಿಲ್ಲ. ಹುಡುಗಿ ಮತ್ತೆ ಮೊದಲಿಂದ ಬಂದಳು. ಗರ... ಗಸ. ಇನ್ನೊಮ್ಮೆ. ಆಮೇಲೆ ತಟ್ಟನೆ ತಲೆಯೆತ್ತಿ, "ಗರಗಸ! ನಮ್ಮಪ್ಪಂದು ಐತೆ ಮಿಸ್!" ಅಂದಳು. ಅವಳಪ್ಪ ಮರಗೆಲಸ ಮಾಡುವವರು.

ನಾಲ್ಕು ಸದ್ದುಗಳು ಒಂದು ವಸ್ತುವಾದ ಹೊತ್ತು ಅದು. ಅವಳ ಮನೆಯ ಗೋಡೆಗೆ ಒರಗಿಸಿಟ್ಟ ಆ ವಸ್ತು ಕಾರ್ಡಿನ ಮೇಲಿಂದ ಎದ್ದು ಬಂದಂತಾಯಿತು. ಮಾನ್ಯರೇ, ಒಂದು ಪ್ರಾಥಮಿಕ ಶಾಲೆಯ ಸಾಧನೆ ಅಂದರೆ ಇದು. ಇದಕ್ಕಿಂತ ದೊಡ್ಡದು ಆ ಶಾಲೆಯಲ್ಲಿ ಮತ್ತೊಂದು ಇಲ್ಲ. ಮಕ್ಕಳ ಕಲಿಕೆ ದಾಖಲಿಸುವ ಪ್ರಗತಿ ನೋಟದಲ್ಲಿ ಅವಳ ಹೆಸರಿನ ಮುಂದೆ ಒಂದು ಗುರುತು ಬಿತ್ತು, ಅಷ್ಟೇ. ಯಾವ ಫೋಟೊವೂ ಇಲ್ಲ.

ಆ ದಿನ ಮೇಡಂ ಸಭೆಗೆ ಹೋಗಿದ್ದರೆ ಏನಾಗುತ್ತಿತ್ತು? ದೊಡ್ಡ ಮಕ್ಕಳು ಹಳೆಯ ಕಾರ್ಡನ್ನೇ ಮತ್ತೆ ಓದಿಕೊಂಡು ಹೇಗೋ ಹೊತ್ತು ಕಳೆಯುತ್ತಿದ್ದರು. ಟೀಚರ್ ಇಲ್ಲದೆ ನಡೆಯಲಾಗದ ಮೊದಲ ತಟ್ಟೆಯ ಮಕ್ಕಳು ಸುಮ್ನೆ ಕೂರುತ್ತಿದ್ದರು. ಆ ಪಕ್ಕದ ಹುಡುಗ ಪದವನ್ನು ಹೇಳಿಕೊಟ್ಟುಬಿಡುತ್ತಿದ್ದ. ಅವಳು ಅವನು ಹೇಳಿದ್ದನ್ನು ಹೇಳುತ್ತಿದ್ದಳು. ದೂರದಿಂದ ನೋಡುವವರಿಗೆ ಅದೂ ಓದಿದಂತೆಯೇ ಕಾಣುತ್ತದೆ.

ಈ ಪದ್ಧತಿ ಬಂದದ್ದು ಎಲ್ಲಿಂದ ಅನ್ನುವುದು ನಿಮಗೆ ಗೊತ್ತೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದರು. ಬಂದವರು ತಮ್ಮ ಕಾಡಂಚಿನ ಊರುಗಳಿಗೆ ಹೊಂದುವ ಹಾಗೆ ತಾವೇ ಕೂತು ಕಾರ್ಡು ಮಾಡಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಆಮೇಲೆ ಮೂರನೆಯದಕ್ಕೂ ಬಂತು. ಮಕ್ಕಳು ಕಡಿಮೆ, ತರಗತಿ ಜಾಸ್ತಿ, ಟೀಚರ್ ಒಬ್ಬರೋ ಇಬ್ಬರೋ ಇರುವ ಶಾಲೆಗೆಂದೇ ಹುಟ್ಟಿದ ಪದ್ಧತಿ ಇದು. ಸಣ್ಣ ಶಾಲೆಯಲ್ಲಿ ಚೆನ್ನಾಗಿ ಕಲಿಸುವುದು ಹೇಗೆ ಅನ್ನುವ ಉತ್ತರ ನಮ್ಮ ರಾಜ್ಯದ ಕೈಯಲ್ಲೇ ಇದೆ. ಹಾಗಿರುವಾಗ ಸಣ್ಣದಾಗಿರುವುದನ್ನೇ ಶಾಲೆಯ ದೋಷ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಪಕ್ಕದ ಕೋಣೆಯಲ್ಲಿ ನಾಲ್ಕು ಮತ್ತು ಐದನೇ ತರಗತಿ. ಅಲ್ಲಿ ಮೇಷ್ಟ್ರು. ನಮ್ಮದು ತೆಂಗಿನ ಸೀಮೆ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ಕ್ವಿಂಟಲ್ ಲೆಕ್ಕದಲ್ಲಿ ಪೇಪರಿಗೆ ಬರುತ್ತದೆ. ಬೆಳಿಗ್ಗೆ ಪ್ರಾರ್ಥನೆ, ನಾಡಗೀತೆ ಆದಮೇಲೆ ಒಂದು ಮಗು ಪೇಪರಿನ ಸುದ್ದಿ ಓದುತ್ತದಲ್ಲ, ಅದರ ಜೊತೆ ಕೊಬ್ಬರಿ ಧಾರಣೆಯನ್ನೂ ಓದಿಸುವುದು ನಮ್ಮ ಮೇಷ್ಟ್ರು ಮಾಡಿಕೊಂಡ ರೂಢಿ. ಲೆಕ್ಕದ ಪಿರಿಯಡ್ಡಿನಲ್ಲಿ ಮಕ್ಕಳು ಅದನ್ನು ಕೆಜಿಗೆ ಇಳಿಸುತ್ತಾರೆ. ಹೋದ ಸಾರಿ ಇಷ್ಟಿತ್ತು, ಈ ಸಾರಿ ಎಷ್ಟು ಏರಿತು ಎಂದು ಕಳೆಯುತ್ತಾರೆ. ಐದನೇ ತರಗತಿಯ ಒಬ್ಬ ಹುಡುಗ ತಾತನ ಜೊತೆ ಕೂತು ಮಂಡಿಯವರು ಕೊಟ್ಟ ಚೀಟಿಯನ್ನು ಸಾಲು ಸಾಲಾಗಿ ಗುಣಿಸಿ ನೋಡುತ್ತಾನೆ. ಆ ತಾತ ನಮ್ಮ ಸಭೆಗೆ ಬಂದಾಗ ಇದನ್ನು ಎಲ್ಲರ ಮುಂದೆ ಹೇಳಿದರು. ಹೇಳುವಾಗ ಅವರ ಮುಖ ನೋಡಬೇಕಿತ್ತು.

ಊಟದ ವಿಷಯ ಹೇಳದೆ ಶಾಲೆಯ ದಿನ ಪೂರ್ತಿಯಾಗುವುದಿಲ್ಲ. ಸರ್ಕಾರ ಇದರಲ್ಲಿ ಒಳ್ಳೆಯ ಕೆಲಸ ಮಾಡಿದೆ, ಅದನ್ನು ಮನಸಾರೆ ಹೇಳುತ್ತೇನೆ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಮರುವರ್ಷ ಉಳಿದ ಕಡೆಗೂ ಬಂತು. 2013ರಿಂದ ಕ್ಷೀರಭಾಗ್ಯದ ಹಾಲು. 2024ರ ಸೆಪ್ಟೆಂಬರಿನಿಂದ ವಾರದ ಆರು ದಿನವೂ ಮೊಟ್ಟೆ. ಎರಡು ದಿನದ್ದು ಸರ್ಕಾರದಿಂದ, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನಿಂದ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಗುತ್ತದೆ. ಬೆಳಿಗ್ಗೆ ಕೂಲಿಗೆ ಹೊರಡುವ ತಾಯಂದಿರಿಗೆ ಇದೆಲ್ಲ ಎಷ್ಟು ನಿರಾಳ ಅನ್ನುವುದು ನನಗೆ ಗೊತ್ತು. ನಮ್ಮ ಅಡಿಗೆ ಅಕ್ಕಂದಿರಿಗೆ ಯಾವ ಮಗು ಸಾರು ಜಾಸ್ತಿ ಕೇಳುತ್ತದೆ, ಯಾವುದು ತಟ್ಟೆಯ ಮೂಲೆಗೆ ತರಕಾರಿ ತಳ್ಳುತ್ತದೆ ಎಲ್ಲ ಗೊತ್ತು. ಬಡಿಸುವ ಮೊದಲು ಟೀಚರ್ ರುಚಿ ನೋಡಬೇಕೆಂಬ ನಿಯಮವನ್ನು ನಮ್ಮಲ್ಲಿ ಒಂದು ದಿನವೂ ತಪ್ಪಿಸುವುದಿಲ್ಲ.

ಆದರೆ ಈ ಊಟದ ಲೆಕ್ಕ ಇಡುವವರು ಯಾರು? ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಉಳಿಯಿತು, ಹಾಲಿನ ಪುಡಿ ಎಷ್ಟು ಖರ್ಚಾಯಿತು, ಇವತ್ತು ಎಷ್ಟು ಮಕ್ಕಳು ಮೊಟ್ಟೆ ತಿಂದರು. ಮೊಟ್ಟೆ ಕೊಂಡು ತರುವುದೂ ಟೀಚರ್ ಕೆಲಸವೇ. ಹಿರಿಯ ಪ್ರಾಥಮಿಕ ಶಾಲೆಯಲ್ಲಾದರೆ ಹಂಚಿಕೊಳ್ಳಲು ನಾಲ್ಕು ಜನ ಇರುತ್ತಾರೆ. ನಮ್ಮಲ್ಲಿ ಗುಮಾಸ್ತರಿಲ್ಲ, ಜವಾನರಿಲ್ಲ. ಇರುವ ಇಬ್ಬರಲ್ಲಿ ಒಬ್ಬರೇ ಹೆಡ್ ಮೇಷ್ಟ್ರ ಜವಾಬ್ದಾರಿಯನ್ನೂ ಹೊತ್ತಿರುತ್ತಾರೆ. ಮಕ್ಕಳ ವಿವರ ಇಡುವ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ಗೆ ಮಾಹಿತಿ ತುಂಬಬೇಕು. ಸಮವಸ್ತ್ರ, ಶೂ, ಪಠ್ಯಪುಸ್ತಕ ಬಂದದ್ದು, ಹಂಚಿದ್ದು ಬರೆಯಬೇಕು. ಮಕ್ಕಳ ಆಧಾರ್‌ನಲ್ಲಿ ಹೆಸರು ತಪ್ಪಿದ್ದರೆ ಮನೆಯವರ ಹಿಂದೆ ಬೀಳಬೇಕು. ಯಾವ ದಿನಾಚರಣೆಯಾದರೂ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಮೆಸೇಜು ಬರುತ್ತದೆ, ಎರಡು ಗಂಟೆಯೊಳಗೆ ಮಾಹಿತಿ ಕಳಿಸಿ ಎಂದು. ಆಗ ಪಾಠ ಅಲ್ಲಿಗೇ ನಿಲ್ಲುತ್ತದೆ.

ಇದು ಶಾಲೆಯೊಳಗಿದ್ದೂ ತರಗತಿಯಲ್ಲಿ ಇರಲಾಗದ ಕಥೆ. ಶಾಲೆಯಿಂದಲೇ ಹೊರಗೆ ಹೋಗುವುದು ಬೇರೆ. ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಭೆ, ತಾಲ್ಲೂಕಿನಲ್ಲಿ ತರಬೇತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಾಗದ ಮುಟ್ಟಿಸುವುದು, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ. 2025ರ ದಸರಾ ಹೊತ್ತಿಗೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬಂತು. ಮನೆಮನೆಗೆ ಹೋದವರು ಟೀಚರ್‌ಗಳೇ. ಅದು ಮುಗಿಯಲಿಲ್ಲವೆಂದು ಸರ್ಕಾರಿ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೆಲೆ ತೆತ್ತವರು ಯಾವ ಶಾಲೆಯ ಮಕ್ಕಳು ಅನ್ನುವುದನ್ನು ನೋಡಿ.

ಕಾನೂನು ನಮ್ಮ ಪರವಾಗಿಯೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟರೆ ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಾಕುವಂತಿಲ್ಲ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಗಂಟೆ ಪಾಠ ಎಂದು ಬರೆದಿದೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದೂ ಇದೆ. ಐದು ತರಗತಿಗೆ ಇಬ್ಬರು ಅನ್ನುವುದೇ ಕನಿಷ್ಠ. ಅದರಲ್ಲೂ ಒಬ್ಬರನ್ನು ಆಚೆ ಕಳಿಸಿದ ದಿನ ಉಳಿದ ಒಬ್ಬರು ಐದೂ ತರಗತಿಯ ಮಕ್ಕಳನ್ನು ಒಂದೇ ಕೋಣೆಗೆ ಕರೆದು ಕೂರಿಸುತ್ತಾರೆ. ಆ ದಿನವೂ ಪುಸ್ತಕದಲ್ಲಿ ಕೆಲಸದ ದಿನವೆಂದೇ ಸೇರುತ್ತದೆ. 800 ಗಂಟೆಯಲ್ಲಿ ಎಷ್ಟು ಗಂಟೆ ನಿಜವಾದ ಪಾಠ ಎಂದು ಎಣಿಸುವ ಕಾಲಂ ಮಾತ್ರ ಯಾವ ಆ್ಯಪ್‌ನಲ್ಲೂ ನನಗೆ ಕಂಡಿಲ್ಲ.

ಶಾಲಾ ಮಕ್ಕಳ ಸ್ಪರ್ಧೆಗಳಾದ ಪ್ರತಿಭಾ ಕಾರಂಜಿಯ ಬಗ್ಗೆಯೂ ಒಂದು ಮಾತು. ಹಳ್ಳಿ ಮಕ್ಕಳಿಗೆ ವೇದಿಕೆ ಸಿಗುವುದು ಬಹಳ ದೊಡ್ಡದು. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಮಣ್ಣಿನಲ್ಲಿ ಮಾದರಿ ಮಾಡುವುದು, ಎಲ್ಲದಕ್ಕೂ ನಮ್ಮ ಮಕ್ಕಳು ಹೋಗುತ್ತಾರೆ. ಕ್ಲಸ್ಟರ್ ದಾಟಿ ತಾಲ್ಲೂಕಿಗೆ ಹೋದ ಮಗುವಿಗೆ ಊರೇ ಹೆಮ್ಮೆ ಪಡುತ್ತದೆ. ಆದರೆ ಸ್ಪರ್ಧೆ ಹತ್ತಿರ ಬಂತೆಂದರೆ ಚುರುಕಾಗಿರುವ ನಾಲ್ಕೈದು ಮಕ್ಕಳಿಗೇ ತಯಾರಿ. ಇರುವ ಇಬ್ಬರು ಟೀಚರ್ ಅಲ್ಲಿ ನಿಂತರೆ ಗರಗಸ ಓದಲು ಇನ್ನೂ ತಿಣುಕುತ್ತಿರುವ ಮಗುವಿನ ಪಕ್ಕ ಕೂರುವವರು ಯಾರು? ಶಾಲೆಯ ಹೆಸರು ಪ್ರಮಾಣಪತ್ರದಿಂದ ಬರುತ್ತದೆ ಎಂದು ನಾವು ಪೋಷಕರೂ ಅಂದುಕೊಂಡಿದ್ದೇವೆ. ಶಾಲೆಗೆ ಬರುವ ಅಧಿಕಾರಿಗಳು ಗೋಡೆಯ ಮೇಲಿನ ಪ್ರಮಾಣಪತ್ರ ನೋಡುವ ಮೊದಲು ಯಾವುದಾದರೂ ಮೂರು ಮಕ್ಕಳ ಕೈಗೆ ಒಂದೊಂದು ಕಥೆಪುಸ್ತಕ ಕೊಟ್ಟು ಓದಿಸಲಿ. ನೋಟ ತಾನಾಗಿ ಬದಲಾಗುತ್ತದೆ.

ಮಕ್ಕಳು ಏಕೆ ಕಡಿಮೆಯಾಗುತ್ತಿದ್ದಾರೆ ಎಂದು ಕೇಳಿದರೆ ಎಲ್ಲರೂ ಇಂಗ್ಲಿಷ್ ಅನ್ನುತ್ತಾರೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಖಾಸಗಿ ಶಾಲೆಯ ವ್ಯಾನು ಮಗುವಿಗೆ ನಾಲ್ಕು ತುಂಬುವ ಮೊದಲೇ ಮನೆ ಬಾಗಿಲಿಗೆ ಬರುತ್ತದೆ. ಎಲ್‌ಕೆಜಿ, ಯುಕೆಜಿ ಎಂದು ಅಲ್ಲೇ ಬೆಳೆದ ಮಗುವನ್ನು ಒಂದನೇ ತರಗತಿಗೆ ನಮ್ಮ ಶಾಲೆಗೆ ತನ್ನಿ ಎಂದರೆ ಯಾವ ತಾಯಿ ತರುತ್ತಾಳೆ? ಅದರ ಗೆಳೆಯರೆಲ್ಲ ಅಲ್ಲಿದ್ದಾರೆ. ನಾವು ದಾಖಲಾತಿ ಆಂದೋಲನ ಅಂತ ಮನೆಗೆ ಹೋಗುವ ಹೊತ್ತಿಗೆ ನಿರ್ಧಾರ ಎರಡು ವರ್ಷದ ಹಿಂದೆಯೇ ಆಗಿಹೋಗಿರುತ್ತದೆ. ಇದರಲ್ಲಿ ಶಾಲೆಯ ತಪ್ಪೇನೂ ಇಲ್ಲ, ತಾಯಿಯ ತಪ್ಪೂ ಇಲ್ಲ. ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ಶುರು ಮಾಡಿದ ಮೇಲೆ ಸೀಟಿಗೆ ಜನ ಮುಗಿಬಿದ್ದದ್ದನ್ನು ನೀವೇ ಕಂಡಿದ್ದೀರಿ. ನಮ್ಮ ಶಾಲೆಯಲ್ಲಿ ಒಂದು ಕೋಣೆ ಮಧ್ಯಾಹ್ನದವರೆಗೆ ಖಾಲಿಯೇ ಇರುತ್ತದೆ. ಅಂಗನವಾಡಿ ಇರುವುದು ಅದೇ ಬೀದಿಯಲ್ಲಿ.

ವಿಲೀನ ಮಾಡಿ ದೊಡ್ಡ ಶಾಲೆಗೆ ಬಸ್ಸು ಬಿಡುತ್ತೇವೆ ಎನ್ನುವವರಿಗೂ ಉತ್ತರಿಸಬೇಕು. ದೊಡ್ಡ ಶಾಲೆಯಲ್ಲಿ ಲ್ಯಾಬು, ಮೈದಾನ, ವಿಷಯಕ್ಕೊಬ್ಬ ಟೀಚರ್ ಇರುತ್ತಾರೆ. ಆರನೇ ತರಗತಿಯ ಮಗುವಿಗೆ ಅದು ಬೇಕು, ಹೋಗಲಿ. ಆರು ವರ್ಷದ ಮಗುವಿಗೆ ಬೇಕಾಗಿರುವುದು ಪಕ್ಕದಲ್ಲಿ ಕೂರುವ ಒಬ್ಬ ಟೀಚರ್. ಐದನೇ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು ಎಂಬ ನಿಯಮ ಸುಮ್ನೆ ಬಂದದ್ದಲ್ಲ. ನಮ್ಮೂರಿನಿಂದ ಆಚೆಗೆ ಹೋಗಲು ಹೆದ್ದಾರಿ ದಾಟಬೇಕು. ಮಳೆಗಾಲದಲ್ಲಿ ಬಸ್ಸು ಬರದ ದಿನ ಹುಡುಗರನ್ನು ಹೇಗೋ ಬೈಕಿನಲ್ಲಿ ಬಿಟ್ಟು ಬರುತ್ತಾರೆ, ಹೆಣ್ಣುಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ನಮ್ಮೂರಿನ ಅನುಭವದಿಂದಲೇ ಇದನ್ನು ಹೇಳುತ್ತಿದ್ದೇನೆ. ಹಿಂದೆ ಐದನೇ ತರಗತಿ ಮುಗಿಸಿ ಶಾಲೆ ಬಿಟ್ಟ ನಮ್ಮ ವಯಸ್ಸಿನ ಹೆಂಗಸರಲ್ಲಿ ಎಷ್ಟೋ ಜನ ಬಿಟ್ಟದ್ದು ದಾರಿಯ ಕಾರಣಕ್ಕೆ, ದಡ್ಡರಾಗಿದ್ದರು ಅಂತ ಅಲ್ಲ.

ಹಾಗಾಗಿ ನಮ್ಮ ಕೇಳಿಕೆ ಇಷ್ಟು. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಪಾಠದ ವೇಳೆಯಲ್ಲಿ ಯಾರನ್ನೂ ಸಭೆಗೆ, ಸಮೀಕ್ಷೆಗೆ, ಬಿಎಲ್‌ಒ ಕೆಲಸಕ್ಕೆ ಕರೆಯಬಾರದು ಎಂದು ಲಿಖಿತ ಆದೇಶ ಮಾಡಿ. ಶನಿವಾರ ಬೆಳಗಿನ ಶಾಲೆ ಇರುತ್ತದೆ, ಸಭೆಗಳನ್ನು ಅಂದು ಮಧ್ಯಾಹ್ನ ಇಡಬಹುದಲ್ವಾ? ತರಬೇತಿ ಬೇಕೇ ಬೇಕು, ಆದರೆ ಆ ದಿನಗಳಿಗೆ ಬದಲಿ ಶಿಕ್ಷಕರನ್ನು ಕಳಿಸಿ. ಆನ್‌ಲೈನ್ ಮಾಹಿತಿ ತುಂಬಲು, ಊಟದ ಲೆಕ್ಕ ಬರೆಯಲು ಕ್ಲಸ್ಟರಿಗೊಬ್ಬ ಗುಮಾಸ್ತರನ್ನು ಕೊಡಿ. ವಾರದಲ್ಲಿ ಒಂದು ದಿನ ನಮ್ಮ ಶಾಲೆಗೆ ಬಂದುಹೋದರೂ ಸಾಕು. ಅಂಗನವಾಡಿಯನ್ನು ಶಾಲೆಯ ಆವರಣಕ್ಕೆ ತಂದು ಎಲ್‌ಕೆಜಿ ಶುರು ಮಾಡಲು ನಮ್ಮಂಥ ಶಾಲೆಗಳಿಗೂ ಅನುಮತಿ ಕೊಡಿ. ಕೋಣೆಗೆ ಬಣ್ಣ ಹಚ್ಚುವುದು, ಕಾಂಪೌಂಡು ಸರಿ ಮಾಡುವುದು, ಮಕ್ಕಳನ್ನು ಕರೆತರುವುದು ನಮ್ಮ ಪಾಲಿಗಿರಲಿ. ಇಷ್ಟೆಲ್ಲ ಮಾಡಿ ಮೂರು ವರ್ಷ ನೋಡಿ. ಆಮೇಲೂ ಮಕ್ಕಳು ಬರದಿದ್ದರೆ ವಿಲೀನದ ಮಾತನ್ನು ನಮ್ಮ ಎಸ್‌ಡಿಎಂಸಿ ಮುಂದೆಯೇ ಕೂತು ಆಡೋಣ.

ನಮ್ಮ ಜಿಲ್ಲೆಗೆ ಬಂದಾಗ ಒಂದು ಬೆಳಿಗ್ಗೆ ಹತ್ತು ಗಂಟೆಗೆ ನಲಿ-ಕಲಿ ಕೋಣೆಗೆ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಮುಂಚೆ ತಿಳಿಸಬೇಡಿ. ತಿಳಿಸಿದರೆ ತೋರಣ ಕಟ್ಟುವುದರಲ್ಲೇ ಒಂದು ದಿನದ ಪಾಠ ಹೋಗುತ್ತದೆ. ಬರಲಾಗದಿದ್ದರೆ ಈ ಪತ್ರಕ್ಕೆ ಬರಹದಲ್ಲಿ ಉತ್ತರ ಕೊಡಿ. ಅದನ್ನು ನಮ್ಮ ಮುಂದಿನ ಸಭೆಯಲ್ಲಿ ಎಲ್ಲ ತಾಯಂದಿರ ಮುಂದೆ ಓದಿ ನಡಾವಳಿ ಪುಸ್ತಕಕ್ಕೆ ಸೇರಿಸುತ್ತೇವೆ.

ಇಂತಿ,
ಎಸ್‌ಡಿಎಂಸಿ ಸದಸ್ಯೆ ಮತ್ತು ಎರಡನೇ ತರಗತಿ ವಿದ್ಯಾರ್ಥಿನಿಯ ತಾಯಿ,
ತುಮಕೂರು ಜಿಲ್ಲೆ